ಮೈಸೂರು ದಿವಾನರನ್ನ ಬಾಯಿಪಾಠ ಮಾಡ್ದೆ ಅರ್ಥ ಮಾಡ್ಕೊಳ್ಳೋದು ಹೇಗೆ

ನಮ್ಮ ಅಕ್ಕನ ಮಗಳು ಎಫ್‌ಡಿಎ ಪರೀಕ್ಷೆಗೆ ಓದ್ತಿದ್ದಾಗ ಒಂದಿನ ಸಂಜೆ ನೋಟ್‌ಬುಕ್ ಹಿಡ್ಕೊಂಡು ಬಂದು "ಮಾವ, ಈ ದಿವಾನರ ಪಟ್ಟಿ ಎಷ್ಟು ಸಲ ಓದಿದ್ರೂ ತಲೇಲಿ ನಿಲ್ತಿಲ್ಲ" ಅಂದ್ಲು. ತೆಗೆದು ನೋಡಿದ್ರೆ ಒಂದು ಡಜನ್ ಹೆಸರು, ಪಕ್ಕದಲ್ಲಿ ಇಸವಿ, ಅದರ ಪಕ್ಕದಲ್ಲಿ ಒಂದೊಂದು ಸಾಧನೆ. ವಿಶ್ವೇಶ್ವರಯ್ಯನವರ ಹೆಸರಿನ ಮುಂದೆ ಜಾಗ ಸಾಲ್ದೆ ಅಂಚಲ್ಲೆಲ್ಲ ಬರ್ದಿದ್ಲು, ಅದ್ರಲ್ಲಿ ಕನ್ನಂಬಾಡಿ ಕಟ್ಟೆಗೆ ಕೆಂಪು ಪೆನ್ನಲ್ಲಿ ಎರಡು ಗೆರೆ, ಅವರಿಗಿಂತ ಒಂದು ಸಾಲು ಮೇಲಿದ್ದ ಟಿ. ಆನಂದರಾವ್ ಅನ್ನೋ ಹೆಸರಿನ ಮುಂದೆ ಮಾತ್ರ ಏನೂ ಇರ್ಲಿಲ್ಲ, ಬರೀ ಒಂದು ಅಡ್ಡಗೆರೆ. ಆ ಅಡ್ಡಗೆರೆ ನೋಡಿ ನಂಗೆ ಬೇಜಾರಾಯ್ತು. ಯಾಕಂದ್ರೆ ಕನ್ನಂಬಾಡಿ ಕೆಲಸ ಶುರುವಾಗಿದ್ದು 1911ರ ನವೆಂಬರ್‌ನಲ್ಲಿ, ಆಗ ದಿವಾನರಾಗಿದ್ದೋರು ಇದೇ ಆನಂದರಾವ್, ವಿಶ್ವೇಶ್ವರಯ್ಯನವರು ಆಗ ಚೀಫ್ ಇಂಜಿನಿಯರ್, ದಿವಾನರಾಗಿದ್ದು ಅದಾದ ಒಂದು ವರ್ಷಕ್ಕೆ, 1912ರ ನವೆಂಬರ್‌ನಲ್ಲಿ.

ಅವತ್ತು ಅವಳ ಜೊತೆ ಕೂತು ಆ ಪಟ್ಟೀನ ಮತ್ತೆ ಹೊಸದಾಗಿ ಕಟ್ಟಿದ್ವಿ, ಅದನ್ನೇ ಇಲ್ಲಿ ಬರೀತಿದೀನಿ. ಪರೀಕ್ಷೆಗೆ ಓದೋರಿಗೆ, ಕ್ವಿಝ್ ಮಾಡೋರಿಗೆ, ಶಾಲೇಲಿ ಪಾಠ ಮಾಡೋರಿಗೆ, ಇಲ್ಲಾ ವಾಟ್ಸಾಪಲ್ಲಿ ಬರೋ ಫಾರ್ವರ್ಡ್ ನಿಜಾನಾ ಅಂತ ನೋಡ್ಬೇಕು ಅನ್ನೋರಿಗೆ, ಎಲ್ರಿಗೂ ಇದೇ ದಾರಿ ಆಗುತ್ತೆ.

ಒಂದು ವಿಷಯ ಮೊದ್ಲು ಮನಸ್ಸಲ್ಲಿ ಕೂರಿಸ್ಕೊಳ್ಳಿ. ದಿವಾನ್ರು ಅಂದ್ರೆ ಇವತ್ತಿನ ಮುಖ್ಯಮಂತ್ರಿ ಅಲ್ಲ. ಮುಖ್ಯಮಂತ್ರಿ ಹಿಂದೆ ಶಾಸಕರಿದಾರೆ, ಅವರ ಹಿಂದೆ ಓಟಿದೆ. ದಿವಾನರ ಹಿಂದೆ ಇದ್ದಿದ್ದು ಒಂದೇ, ಮಹಾರಾಜರ ನಂಬಿಕೆ. ಸರ್ಕಾರ ನಡೆಸೋದೆಲ್ಲಾ ಅವರೇ, ಖಜಾನೆ, ಕಂದಾಯ, ರೈಲು, ಕೆರೆ, ಕಾಲೇಜು ಎಲ್ಲಾ ಕಡತ ಅವರ ಮೇಜಿಗೇ ಬರೋದು, ಆದ್ರೆ ಅಧಿಕಾರ ಮಾತ್ರ ಅವರದ್ದಲ್ಲ, ಅರಮನೆಯಿಂದ ಎರವಲು ಬಂದಿದ್ದು. ಆ ಅರಮನೆ ಮೇಲೂ ಇನ್ನೊಬ್ಬ ಯಜಮಾನ ಇದ್ದ, ಬ್ರಿಟಿಷ್ ಸರ್ಕಾರ, ಅವರ ಪರವಾಗಿ ಬೆಂಗಳೂರಲ್ಲಿ ಕೂತಿದ್ದ ರೆಸಿಡೆಂಟ್ (ಈಗಿನ ರಾಜಭವನವೇ ಆಗ ರೆಸಿಡೆಂಟ್ ಬಂಗಲೆ). ಹಾಗಾಗಿ ಯಾವ ದಿವಾನರ ಬಗ್ಗೆ ಓದಿದ್ರೂ ಮೇಲೆ ಯಾರಿದ್ರು ಅನ್ನೋದನ್ನ ನೋಡದೆ ಓದಿದ್ರೆ ಅರ್ಧ ಕಥೆ ಮಾತ್ರ ಸಿಗುತ್ತೆ.

ಈಗ ಕೆಲಸಕ್ಕೆ ಬರೋಣ. ಒಂದು ಉದ್ದನೆ ಹಾಳೆ ತಗೊಂಡು ಅಡ್ಡ ಇಟ್ಕೊಳ್ಳಿ, ಐದು ಕಾಲಂ ಎಳೀರಿ. ಪಟ್ಟದಲ್ಲಿ ಯಾರಿದ್ರು, ದಿವಾನ್ರು ಯಾರು, ಎಲ್ಲಿಂದ ಬಂದೋರು, ಏನು ಶುರುವಾಯ್ತು ಏನು ಮುಗೀತು, ಕೊನೇದು ಹೇಗೆ ಹೋದ್ರು. ಸಾಮಾನ್ಯವಾಗಿ ಗೈಡ್‌ಗಳಲ್ಲಿ ಎರಡನೇದು ನಾಲ್ಕನೇದು ಮಾತ್ರ ಇರುತ್ತೆ, ಅದಕ್ಕೇ ತಲೇಲಿ ನಿಲ್ಲಲ್ಲ.

ಮೊದಲನೇ ಕಾಲಂ ತುಂಬಿಸೋಕೆ ಶುರು ಮಾಡಿ, ಬೇರೆ ಯಾವುದನ್ನೂ ಮುಟ್ಬೇಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದ್ರು, ಆಗ ಅವರು ಇನ್ನೂ ಐದು ವರ್ಷದ ಮಗು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ಕೊಂಡ್ರು, ಅಲ್ಲಿಂದ 1881ರವರೆಗೆ ಸರಿಯಾಗಿ 50 ವರ್ಷ ಕಮಿಷನರ್ ಆಡಳಿತ, ಕಬ್ಬನ್, ಬೌರಿಂಗ್ ಇವರೆಲ್ಲ ಆ ಕಾಲದೋರು. 1881ರ ಮಾರ್ಚ್ 25ಕ್ಕೆ ರಾಜ್ಯ ವಾಪಸ್ ಬಂತು, 18 ವರ್ಷದ ಚಾಮರಾಜೇಂದ್ರ ಒಡೆಯರು ಪಟ್ಟದಲ್ಲಿ. 1894ರ ಡಿಸೆಂಬರ್ ಕೊನೇಲಿ ಅವರು ಕಲ್ಕತ್ತಾದಲ್ಲಿ ತೀರ್ಕೊಂಡ್ರು. ಮಗ ಚಿಕ್ಕೋರು, ಹಾಗಾಗಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿ ರಾಜ್ಯಭಾರ ಮಾಡಿದ್ರು. 1902ರ ಆಗಸ್ಟ್ 8ಕ್ಕೆ ಆ ಮಗ, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪೂರ್ತಿ ಅಧಿಕಾರ, 1940ರ ಆಗಸ್ಟ್‌ವರೆಗೆ ಅವರೇ. ಆಮೇಲೆ ಜಯಚಾಮರಾಜ ಒಡೆಯರು. ಇಷ್ಟೇ. ಈ ಕಾಲಂನಲ್ಲಿ 1831ರಿಂದ 1881ರವರೆಗಿನ ಜಾಗಾನ ಖಾಲಿ ಬಿಡಿ, ಬಣ್ಣ ಹಾಕಿ ಬೇಕಾದ್ರೆ. ಆ ಖಾಲಿ ಜಾಗ ಕಣ್ಣಿಗೆ ಬಿದ್ರೇನೇ ಪೂರ್ಣಯ್ಯನವರೂ ರಂಗಾಚಾರ್ಲು ಅವರೂ ಒಂದೇ ಹುದ್ದೆ ಹೆಸರಲ್ಲಿದ್ರೂ ಎರಡು ಬೇರೆ ಪ್ರಪಂಚದೋರು ಅಂತ ಗೊತ್ತಾಗೋದು.

ಪೂರ್ಣಯ್ಯ ಅಂದ್ರೆ ಹೈದರ್, ಟಿಪ್ಪು ಕಾಲದಿಂದ ಲೆಕ್ಕಪತ್ರ ನೋಡಿದ್ದೋರು, 1799ರಿಂದ 1811ರವರೆಗೆ ಮಗು ಮಹಾರಾಜರ ಹೆಸರಲ್ಲಿ ರಾಜ್ಯಾನೇ ನಡೆಸಿದ್ರು, ಅಂದ್ರೆ ದಿವಾನರೂ ಅವರೇ, ಹೆಚ್ಚುಕಮ್ಮಿ ರೀಜೆಂಟೂ ಅವರೇ. ಮಹಾರಾಜರು ದೊಡ್ಡೋರಾದ ಮೇಲೆ ಅಧಿಕಾರ ಬಿಟ್ರು. ಇದು ನೆನಪಿಟ್ಕೊಳ್ಳಿ, ಪಟ್ಟದಲ್ಲಿ ಮಗು ಇದ್ದಾಗ ದಿವಾನರ ಕೈ ಉದ್ದ ಆಗುತ್ತೆ, ರಾಜರು ದೊಡ್ಡೋರಾದ ಹಾಗೆ ಚಿಕ್ಕದಾಗುತ್ತೆ. ಶೇಷಾದ್ರಿ ಅಯ್ಯರ್ ವಿಷಯದಲ್ಲೂ ಇದನ್ನೇ ನೋಡ್ತೀರಿ.

ಎರಡನೇ ಕಾಲಂ ಈಗ ಸುಲಭ, ಪಕ್ಕದಲ್ಲಿ ಸೇರಿಸ್ತಾ ಹೋಗಿ. ರಂಗಾಚಾರ್ಲು 1881–83. ಕೆ. ಶೇಷಾದ್ರಿ ಅಯ್ಯರ್ 1883–1901, ಹದಿನೆಂಟು ವರ್ಷ, ಇಷ್ಟು ದಿನ ಇನ್ಯಾರೂ ಇರ್ಲಿಲ್ಲ. ಪಿ.ಎನ್. ಕೃಷ್ಣಮೂರ್ತಿ 1901–06, ಇವರು ಪೂರ್ಣಯ್ಯನವರ ವಂಶದೋರು. ವಿ.ಪಿ. ಮಾಧವರಾವ್ 1906–09, ಟಿ. ಆನಂದರಾವ್ 1909–12, ವಿಶ್ವೇಶ್ವರಯ್ಯ 1912–18, ಕಾಂತರಾಜ ಅರಸ್ 1918–22, ಆಲ್ಬಿಯನ್ ಬ್ಯಾನರ್ಜಿ 1922–26, ಮಿರ್ಜಾ ಇಸ್ಮಾಯಿಲ್ 1926–41, ಎನ್. ಮಾಧವರಾವ್ 1941–46, ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ 1946–49. ಮಾಧವರಾವ್ ಇಬ್ಬರಿದಾರೆ, ಇನಿಶಿಯಲ್ ಬಿಟ್ಟು ಬರೀಬೇಡಿ, ಪ್ರಶ್ನೆ ಪತ್ರಿಕೇಲಿ ಮಕ್ಕಳು ಎಡವೋದು ಅಲ್ಲೇ.

ಇಷ್ಟು ಬರೆದ ಮೇಲೆ ನಾಲ್ವಡಿಯವರ ಒಂದು ಹೆಸರಿನ ಎದುರು ಎಷ್ಟು ದಿವಾನ್ರು ಬರ್ತಾರೆ ಎಣಿಸಿ ನೋಡಿ. ಕೃಷ್ಣಮೂರ್ತಿಯವರಿಂದ ಮಿರ್ಜಾವರೆಗೆ ಏಳು ಜನ! ಅಕ್ಕನ ಮಗಳು ಪೆನ್ಸಿಲ್ಲಲ್ಲಿ ಒಬ್ಬೊಬ್ಬರ ಮೇಲೂ ಚುಕ್ಕೆ ಇಡ್ತಾ ಎಣಿಸಿ ಸುಮ್ನಾಗ್ಬಿಟ್ಲು, ಆಮೇಲೆ "ಹಾಗಾದ್ರೆ ಬದಲಾಗ್ದೆ ಇದ್ದಿದ್ದು ಒಬ್ರೇನಾ" ಅಂದ್ಲು. ಹೌದು ಅಂದೆ. ದಿವಾನರು ಬಂದು ಹೋಗ್ತಿದ್ರು, ದೊಡ್ಡ ಕೆಲಸ ನಿಲ್ದೆ ನಡೀತಿತ್ತು ಅಂದ್ರೆ ಅದಕ್ಕೆ ಇದೇ ಕಾರಣ.

ಮೂರನೇ ಕಾಲಂ, ಎಲ್ಲಿಂದ ಬಂದೋರು. ಇದನ್ನ ಯಾರೂ ಕೇಳಲ್ಲ ಅಂತ ಬಿಡ್ಬೇಡಿ. ರಂಗಾಚಾರ್ಲು ಮದ್ರಾಸ್ ಕಡೆಯಿಂದ ಬಂದೋರು, ಶೇಷಾದ್ರಿ ಅಯ್ಯರ್ ಪಾಲ್ಘಾಟ್ ಕಡೆಯೋರು. ಊರಲ್ಲಿ ಬಂಧುಬಳಗ ಇಲ್ದಿರೋ ಅಧಿಕಾರಿ ಯಾರ ಮುಲಾಜೂ ಇಲ್ದೆ ಕೆಲಸ ಮಾಡ್ತಾನೆ, ಆದ್ರೆ ಅದೇ ಕಾರಣಕ್ಕೆ ಅವನಿಗೆ ಅರಮನೆ ಬಿಟ್ರೆ ಬೇರೆ ಆಸರೆನೂ ಇಲ್ಲ. ಮಹಾರಾಜರಿಗೆ ಇದು ಅನುಕೂಲ, ಜನಕ್ಕೆ ಮಾತ್ರ ಸಿಟ್ಟು. ಮದ್ರಾಸಿನೋರೇ ಎಲ್ಲಾ ಕೆಲಸ ಹೊಡ್ಕೊಂಡ್ರು, ಮೈಸೂರು ಮೈಸೂರಿನೋರಿಗೆ ಇರ್ಲಿ ಅನ್ನೋ ಕೂಗು ಎದ್ದಿದ್ದೇ ಇದರಿಂದ. ಕಾಂತರಾಜ ಅರಸರದ್ದು ಬೇರೆ ಥರ, ಅವರು ವಾಣಿವಿಲಾಸ ಸನ್ನಿಧಾನದವರ ತಮ್ಮ, ಅಂದ್ರೆ ನಾಲ್ವಡಿಯವರಿಗೆ ಸೋದರಮಾವ, ಮಹಾರಾಜರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರನ್ನ ಮದುವೆ ಆಗಿದ್ದೋರು. ಮಾನಸಗಂಗೋತ್ರಿ ಒಳಗಿರೋ ಜಯಲಕ್ಷ್ಮೀ ವಿಲಾಸ ಅರಮನೆ ಅವರದ್ದೇ. ಮಿರ್ಜಾ ಇಸ್ಮಾಯಿಲ್ ಮಹಾರಾಜರ ಜೊತೆ ಕೂತು ಓದಿದ್ದ ಸಹಪಾಠಿ, ಹುಜೂರ್ ಸೆಕ್ರೆಟರಿ ಆಗಿದ್ದು ಆಮೇಲೆ ಪ್ರೈವೇಟ್ ಸೆಕ್ರೆಟರಿ ಆಗಿ ಅಲ್ಲಿಂದ ದಿವಾನಗಿರಿಗೆ ಬಂದ್ರು. ದಿವಾನರ ಕಡತ ಮಹಾರಾಜರಿಗೆ ಮುಟ್ಟೋ ದಾರೀಲಿ ಇದ್ದ ಕುರ್ಚಿ ಅದು, ಹಾಗಾಗಿ ಮಹಾರಾಜರ ಮನಸ್ಸು ಏನು ಅಂತ ಮಿರ್ಜಾಗೆ ದಿವಾನ್ ಆಗೋಕೆ ಮುಂಚೇನೇ ಗೊತ್ತಿತ್ತು. ಅವರು 15 ವರ್ಷ ನಿಂತಿದ್ದು ಯಾಕೆ ಅಂತ ಅರ್ಥ ಆಗೋಕೆ ಈ ಒಂದು ಸಾಲು ಸಾಕು.

ಈಗ ನಾಲ್ಕನೇ ಕಾಲಂ, ಇಲ್ಲಿ ನಿಧಾನ ಮಾಡಿ. ಯಾವ ಕೆಲಸಾನೂ ಒಂದೇ ಸಾಲಲ್ಲಿ ಬರೀಬೇಡಿ, ಶುರುವಾದ ಸಾಲಲ್ಲಿ ಒಂದ್ಸಲ, ಮುಗಿದ ಸಾಲಲ್ಲಿ ಇನ್ನೊಂದ್ಸಲ ಬರೆದು ಮಧ್ಯ ಒಂದು ಗೆರೆ ಎಳೀರಿ.

ಶಿವನಸಮುದ್ರದ ಕರೆಂಟ್ ತಗೊಳ್ಳಿ. ಯೋಜನೆ ಹಿಡಿದು ಮುಂದೆ ತಳ್ಳಿದ್ದು ಶೇಷಾದ್ರಿ ಅಯ್ಯರ್, ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್, ಪಟ್ಟದಲ್ಲಿ ಆಗ ರೀಜೆಂಟ್ ವಾಣಿವಿಲಾಸ ಸನ್ನಿಧಾನ. ಕಾವೇರಿ ನೀರಿಂದ ತಯಾರಾದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿ ಮೇಲೆ ಹೋಗಿ ಕೋಲಾರದ ಚಿನ್ನದ ಗಣಿ ಮುಟ್ಟಿದ್ದು 1902ರ ಜೂನ್ 30ಕ್ಕೆ. ಶೇಷಾದ್ರಿ ಅಯ್ಯರ್ ಆಗ ಬದುಕಿರ್ಲಿಲ್ಲ! 1901ರಲ್ಲಿ ಆರೋಗ್ಯ ಕೆಟ್ಟು ಹುದ್ದೆ ಬಿಟ್ರು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರ್ಕೊಂಡ್ರು. ಇದನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಹೊಟ್ಟೆ ಒಳಗೆ ಏನೋ ಆಗುತ್ತೆ, ಇಷ್ಟು ದೊಡ್ಡ ಕೆಲಸ ಹಿಡ್ದೋರು ಗಣೀಲಿ ದೀಪ ಉರಿದಿದ್ದು ನೋಡ್ಲೇ ಇಲ್ಲ. ಉರಿದಾಗ ದಿವಾನ್ರು ಕೃಷ್ಣಮೂರ್ತಿ. ಇನ್ನೊಂದು ನೋಡಿ, ಇದನ್ನ ಸಾಮಾನ್ಯವಾಗಿ ನಾಲ್ವಡಿಯವರ ಖಾತೆಗೆ ಹಾಕ್ತಾರೆ, ಆದ್ರೆ ಅವರಿಗೆ ಅಧಿಕಾರ ಬಂದಿದ್ದು ಆಗಸ್ಟ್ 8ಕ್ಕೆ, ಅಂದ್ರೆ ಕರೆಂಟ್ ಬಂದು ಐದು ವಾರ ಕಳೆದ ಮೇಲೆ. ಬೆಂಗಳೂರಿನ ಬೀದಿ ದೀಪ 1905, ಅದು ಅವರ ಕಾಲದ್ದೇ ಸರಿ. ಆದ್ರೆ ಶಿವನಸಮುದ್ರದ ಸಾಲಲ್ಲಿ ಆ ತಾಯಿಯ ಹೆಸರು ಬರ್ದೇ ಬರೀಬೇಕು.

ಆಮೇಲೆ ಕನ್ನಂಬಾಡಿ, ನಮ್ಮ ಮಂಡ್ಯ ಕಡೆಯೋರಿಗೆ ಇದು ಅನ್ನದ ಪ್ರಶ್ನೆ. 1911ರಲ್ಲಿ ಆನಂದರಾವ್ ದಿವಾನರಾಗಿದ್ದಾಗ ಮಹಾರಾಜರ ಮಂಜೂರಾತಿ ಸಿಕ್ಕಿ ಕೆಲಸ ಶುರು, ಯೋಜನೆ ಚೀಫ್ ಇಂಜಿನಿಯರ್ ವಿಶ್ವೇಶ್ವರಯ್ಯನವರದ್ದು. ಅವರೇ ದಿವಾನರಾಗಿ ಆರು ವರ್ಷ ಕಟ್ಟಡ ಮೇಲೆದ್ದಿತು, ಆ ಹೊತ್ತಿಗೆ ಕಾವೇರಿ ನೀರಿನ ಬಗ್ಗೆ ಮದ್ರಾಸಿನೋರ ತಕರಾರು, 1914ರಲ್ಲಿ ಮಧ್ಯಸ್ಥಗಾರ ಗ್ರಿಫಿನ್ ಕೊಟ್ಟ ತೀರ್ಪು. ಕಾಂತರಾಜ ಅರಸರ ಕಾಲದಲ್ಲೂ ಕೆಲಸ ನಡೀತಿತ್ತು. ಬ್ಯಾನರ್ಜಿ ದಿವಾನರಾಗಿದ್ದಾಗ 1924ರ ಫೆಬ್ರವರಿಯಲ್ಲಿ ಮದ್ರಾಸ್ ಜೊತೆ ಕಾವೇರಿ ಒಪ್ಪಂದ, ಇವತ್ತಿಗೂ ಟಿವೀಲಿ ಕಾವೇರಿ ಗಲಾಟೆ ಬಂದ್ರೆ ಆ ಇಸವಿ ಕೇಳಿಸುತ್ತಲ್ಲ, ಅದೇ. ಮಿರ್ಜಾ ಕಾಲದಲ್ಲಿ ಇರ್ವಿನ್ ನಾಲೆ, ಬೃಂದಾವನ. ಐದು ದಿವಾನ್ರು, ಒಬ್ರು ಮಹಾರಾಜರು, ಒಂದು ಕಟ್ಟೆ. ವಿಶ್ವೇಶ್ವರಯ್ಯನವರ ದೊಡ್ಡಸ್ತಿಕೆ ಇದರಿಂದ ಒಂದು ಕೂದಲಷ್ಟೂ ಕಮ್ಮಿ ಆಗಲ್ಲ, ಅವರ ತಲೆ ಇಲ್ದಿದ್ರೆ ಆ ಕಟ್ಟೇನೇ ಇಲ್ಲ. ಆದ್ರೆ ಉಳಿದೋರನ್ನ ಅಳಿಸಿ ಒಬ್ರನ್ನೇ ಬರೆದ್ರೆ ಆ ಹುದ್ದೆ ಹೇಗೆ ನಡೀತಿತ್ತು ಅನ್ನೋದೇ ಕಾಣ್ಸಲ್ಲ.

ಇಲ್ಲೊಂದು ಸುಲಭದ ಗುರುತು ಹೇಳ್ತೀನಿ, ಹೆಸರುಗಳನ್ನ ನೋಡಿ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹಿರಿಯೂರಿನ ಮಾರಿಕಣಿವೇಲಿ ಶುರುವಾದ ಅಣೆಕಟ್ಟೆಗೆ ವಾಣಿವಿಲಾಸ ಸಾಗರ ಅಂತ ಹೆಸರು, ಕನ್ನಂಬಾಡಿಗೆ ಕೃಷ್ಣರಾಜಸಾಗರ, ನಾಲೆಗೆ ವೈಸ್‌ರಾಯ್ ಇರ್ವಿನ್ ಹೆಸರು. ಅದನ್ನ ನಾವು ಈಗ ವಿಶ್ವೇಶ್ವರಯ್ಯ ನಾಲೆ, ವಿ.ಸಿ. ನಾಲೆ ಅಂತ ಕರೀತೀವಿ, ಆ ಹೆಸರು ಆಮೇಲೆ ಬಂದಿದ್ದು. ಅಂದ್ರೆ ಆ ಕಾಲದಲ್ಲಿ ಕಲ್ಲಿನ ಮೇಲೆ ಹೋಗ್ತಿದ್ದಿದ್ದು ಪಟ್ಟದ ಹೆಸರು, ಇಲ್ಲಾ ಪಟ್ಟದ ಮೇಲಿನೋರ ಹೆಸರು. ದಿವಾನರ ಹೆಸರು ಬೇಕಂದ್ರೆ ಅವರ ನೆನಪಿಗೆ ಅಂತ ಕಟ್ಟಿದ ಜಾಗ ಹುಡುಕ್ಬೇಕು, ಮೈಸೂರಿನ ರಂಗಾಚಾರ್ಲು ಟೌನ್‌ಹಾಲ್, ಕಬ್ಬನ್ ಪಾರ್ಕಿನ ಕೆಂಪು ಶೇಷಾದ್ರಿ ಅಯ್ಯರ್ ಮೆಮೋರಿಯಲ್ ಹಾಲ್, ಅದೇ ನಮ್ಮ ಸೆಂಟ್ರಲ್ ಲೈಬ್ರರಿ.

ಸರಿ, ಇವರನ್ನ ಪ್ರಶ್ನೆ ಮಾಡೋರು ಯಾರೂ ಇರ್ಲಿಲ್ವಾ ಅಂತ ನಿಮಗೆ ಅನ್ನಿಸ್ಬೇಕು, ಅನ್ನಿಸಿದ್ರೆ ಸರಿಯಾದ ದಾರೀಲಿ ಇದ್ದೀರಿ ಅಂತ. 1881ರ ಅಕ್ಟೋಬರ್ 7ಕ್ಕೆ ರಂಗಾಚಾರ್ಲು ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು, 144 ಜನ, ತಾಲ್ಲೂಕು ತಾಲ್ಲೂಕಿಂದ ಬಂದ ಜಮೀನ್ದಾರರು, ವ್ಯಾಪಾರಸ್ಥರು. ವರ್ಷಾ ವರ್ಷಾ ದಸರಾ ಹೊತ್ತಿಗೆ ಮೈಸೂರಲ್ಲಿ ಸೇರೋದು, ದಿವಾನರು ಹಿಂದಿನ ವರ್ಷದ ಆಡಳಿತದ ಲೆಕ್ಕ ಓದೋದು, ಸದಸ್ಯರು ನಮ್ಮೂರ ಕೆರೆ ಒಡೆದಿದೆ, ಕಂದಾಯ ಜಾಸ್ತಿ ಆಯ್ತು ಅಂತ ಹೇಳ್ಕೊಳ್ಳೋದು. ಕೇಳಬಹುದಿತ್ತು, ದಿವಾನರನ್ನ ಕೆಳಗಿಳಿಸೋ ಹಾಗಿರ್ಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ (ಲೆಜಿಸ್ಲೇಟಿವ್ ಕೌನ್ಸಿಲ್) ಬಂತು, 1923ರ ಸುಧಾರಣೇಲಿ ಎರಡಕ್ಕೂ ಸ್ವಲ್ಪ ಬಲ ಬಂತು, ಬಜೆಟ್ ಚರ್ಚೆ ಆಯ್ತು, ಆದ್ರೂ ಎರಡೂ ಸಭೆಗೆ ಅಧ್ಯಕ್ಷರು ಯಾರು ಅಂದ್ರೆ ಅದೇ ದಿವಾನರು. ಉತ್ತರ ಕೊಡಬೇಕಾದೋರೇ ಸಭೆ ನಡೆಸೋದು. ನೋಟ್ಸಲ್ಲಿ "ಭಾರತದ ಮೊದಲ ಪ್ರಜಾಪ್ರತಿನಿಧಿ ಸಭೆ" ಅಂತ ಹೆಮ್ಮೆಯಿಂದ ಬರೀತೀವಿ, ಹೆಮ್ಮೆ ಪಡೋ ವಿಷಯಾನೇ, ಅದರ ಕೆಳಗೇ ಈ ಮಾತೂ ಬರೀರಿ.

ಕೊನೇ ಕಾಲಂ, ಹೇಗೆ ಹೋದ್ರು. ನನ್ನ ಪ್ರಕಾರ ಇಡೀ ಹಾಳೇಲಿ ಅತಿ ಮುಖ್ಯ ಇದೇ, ಯಾಕಂದ್ರೆ ಓಟಿಲ್ಲದ ಕಡೆ ಅಧಿಕಾರ ಯಾರ ಕೈಲಿತ್ತು ಅನ್ನೋದು ಬಿಟ್ಟು ಹೋಗೋ ದಿನಾನೇ ಗೊತ್ತಾಗೋದು. ರಂಗಾಚಾರ್ಲು ಹುದ್ದೇಲಿದ್ದಾಗಲೇ ತೀರ್ಕೊಂಡ್ರು. ವಿಶ್ವೇಶ್ವರಯ್ಯನವರದ್ದು ಬಿಡಿಸಿ ಬರೀರಿ. ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣರೇ ತುಂಬಿದಾರೆ, ನಮಗೂ ಪಾಲು ಬೇಕು ಅಂತ ಉಳಿದ ಸಮುದಾಯದೋರು ಸೇರಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿದ್ರು, ಅವರು ಅಹವಾಲು ತಗೊಂಡು ಹೋಗಿದ್ದು ನೇರ ಮಹಾರಾಜರ ಹತ್ರ. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದ್ರು. ಅರ್ಹತೆ ಒಂದನ್ನೇ ನೋಡ್ಬೇಕು ಅನ್ನೋದು ವಿಶ್ವೇಶ್ವರಯ್ಯನವರ ನಿಲುವು, ಒಪ್ಲಿಲ್ಲ, ವರ್ಷದ ಕೊನೇಲಿ ಬಿಟ್ರು. ನಂತರ ಬಂದೋರು ಕಾಂತರಾಜ ಅರಸ್, 1921ರಲ್ಲಿ ಹಿಂದುಳಿದ ವರ್ಗದೋರ ಮೀಸಲಾತಿ ಆದೇಶ ಬಂತು. ಅಷ್ಟು ಹೆಸರಿದ್ದ ದಿವಾನರ ಮಾತೂ ಮಹಾರಾಜರ ಮಾತೂ ಬೇರೆ ಆದಾಗ ನಡೆದಿದ್ದು ಮಹಾರಾಜರದ್ದು, ಮತ್ತೆ ಈ ವಿಷಯದಲ್ಲಿ ಮಹಾರಾಜರ ನಿರ್ಧಾರವೇ ಸರಿ ಇತ್ತು ಅನ್ನೋದು ನನ್ನ ಅಭಿಪ್ರಾಯ, ಎಷ್ಟೋ ಮನೆಗಳಲ್ಲಿ ಮೊದಲ ಸರ್ಕಾರಿ ನೌಕರ ಬಂದಿದ್ದು ಅದರಿಂದ. ಜಗಳ ದ್ವೇಷ ಆಗ್ಲಿಲ್ಲ ಅನ್ನೋದನ್ನೂ ಬರೀರಿ, 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ನೋಡ್ಕೊಳ್ಳೋಕೆ ಮತ್ತೆ ವಿಶ್ವೇಶ್ವರಯ್ಯನವರನ್ನೇ ಕರೆಸಿದ್ರು, ಅವರೂ ಬಂದ್ರು.

ಮಿರ್ಜಾದ್ದು ಇನ್ನೂ ಸ್ಪಷ್ಟ. ಜೊತೆಗಾರ ಮಹಾರಾಜರು 1940ರಲ್ಲಿ ಹೋದ್ರು, 1941ರಲ್ಲಿ ಮಿರ್ಜಾ ರಾಜೀನಾಮೆ. ಪಟ್ಟದಲ್ಲಿ ಹೊಸಬರು ಬಂದ್ರು, ಹಳೇ ನಂಬಿಕೆ ಜೊತೇಲಿ ಬರ್ಲಿಲ್ಲ. ಆಮೇಲೆ ಜೈಪುರ, ಹೈದರಾಬಾದಲ್ಲಿ ಇದೇ ಕೆಲಸ ಮಾಡಿದ್ರು. ಹೋಲಿಸೋಕೆ ಪಕ್ಕದ ತಿರುವಾಂಕೂರಿನ ದಿವಾನ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರನ್ನ ಒಂದು ಸಾಲಲ್ಲಿ ಹಾಕ್ಕೊಳ್ಳಿ, 1947ರ ಜುಲೈನಲ್ಲಿ ಮಚ್ಚಿನೇಟು ಬಿತ್ತು, ಬಿಟ್ಟು ಹೋದ್ರು.

ಇವತ್ತಿನ ರಾಜಪ್ರಭುತ್ವಗಳನ್ನ ಓದೋಕೂ ಇದೇ ಹಾಳೆ ಸಾಕು, ಗಲ್ಫಲ್ಲಿರೋ ನಮ್ಮೋರು ಬೇಕಾದ್ರೆ ಹಾಕಿ ನೋಡಿ. ಬ್ರುನೈ, ಒಮಾನ್‌ನಲ್ಲಿ ಸುಲ್ತಾನರೇ ಪ್ರಧಾನಿ. ಸೌದೀಲಿ 2022ರ ಸೆಪ್ಟೆಂಬರ್‌ನಲ್ಲಿ ದೊರೆ ಸಲ್ಮಾನ್ ಆ ಹುದ್ದೇನ ಮಗ ಮೊಹಮ್ಮದ್ ಬಿನ್ ಸಲ್ಮಾನ್‌ಗೆ ಕೊಟ್ರು. ಆಫ್ರಿಕಾದ ಎಸ್ವಾಟಿನೀಲಿ ದೊರೆ ಮನೆತನದ ಹೊರಗಿನೋರನ್ನೂ ನೇಮಿಸಬಹುದು, ನೇಮಿಸೋದು ಮಾತ್ರ ದೊರೆಯೇ. ನಮ್ಮ ದಿವಾನಗಿರಿ ಈ ಕೊನೇ ಥರದ್ದು.

ತುಂಬಿಸಿದ ಮೇಲೆ ತಾಳೆ ನೋಡೋಕೆ ಗೈಡ್ ನಂಬ್ಬೇಡಿ. ಪ್ರಜಾಪ್ರತಿನಿಧಿ ಸಭೇಲಿ ದಿವಾನರು ಮಾಡಿದ ಭಾಷಣಗಳು ಅಚ್ಚಾಗಿವೆ, ರಾಜ್ಯ ಪತ್ರಾಗಾರಕ್ಕೆ ಹೋಗಿ ಕೇಳಿ, ನಿಮ್ಮ ಜಿಲ್ಲಾ ಗೆಜೆಟಿಯರ್ ತೆಗೀರಿ. ಭಾಷಣದಲ್ಲಿ ಮಳೆ ಬೆಳೆ ಲೆಕ್ಕ, ಖಜಾನೆ ಲೆಕ್ಕ, ರಸ್ತೆ, ಶಾಲೆ ಎಲ್ಲಾ ವರ್ಷಾವಾರು ಇರುತ್ತೆ. ಒಂದು ಎಚ್ಚರ, ಅದು ದಿವಾನರು ತಮ್ಮ ಕೆಲಸದ ಬಗ್ಗೆ ತಾವೇ ಹೇಳಿದ್ದು, ಹಾಗಾಗಿ ಅದೇ ವರ್ಷದ ಸದಸ್ಯರ ಅಹವಾಲುಗಳನ್ನೂ ಪಕ್ಕದಲ್ಲಿಟ್ಟು ಓದಿ.

ಕಡೇ ಸಾಲು ಬರೆಯುವಾಗ ಅಕ್ಕನ ಮಗಳು ನಿಂತ್ಬಿಟ್ಲು. ಜನರ ಸರ್ಕಾರ ಬೇಕು ಅಂತ ಮೈಸೂರು ಚಲೋ ಚಳವಳಿ ಆಗಿ 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ ಆದ್ರು, ಆದ್ರೆ ಮೊದಲಿಯಾರ್ 1949ರವರೆಗೂ ದಿವಾನರೇ, "ಎರಡನೇ ಕಾಲಂನಲ್ಲಿ ಯಾರ ಹೆಸರು ಬರೀಲಿ ಮಾವ" ಅಂತ. ಇಬ್ಬರದ್ದೂ ಬರಿ ಅಂದೆ, ಮಧ್ಯ ಗೆರೆ ಎಳೀಬೇಡ ಅಂದೆ. ಅವಳು ಎರಡೂ ಹೆಸರು ಬರೆದು, ಆಮೇಲೆ ಮೇಲಕ್ಕೆ ಹೋಗಿ ಆನಂದರಾವ್ ಮುಂದಿದ್ದ ಅಡ್ಡಗೆರೇನ ರಬ್ಬರಲ್ಲಿ ಉಜ್ಜೋಕೆ ಶುರು ಮಾಡಿದ್ಲು.